ತೆಗೆಸಿದ ವಿಡಿಯೊ ಮತ್ತೆ ಬಂದಾಗ: ಕೃತಿಸ್ವಾಮ್ಯ ನೋಟಿಸಿನ 21 ದಿನಗಳ ಲೆಕ್ಕ

ವಿಡಿಯೊ ಕಳವಾದ ಕಕ್ಷಿದಾರರು ವಕೀಲರ ಬಳಿ ಬರುವುದೇ ತಡವಾಗಿ. ಯಕ್ಷಗಾನ ಮೇಳದ ಯಜಮಾನರಿರಬಹುದು, ಭಾವಗೀತೆಯ ಗಾಯಕಿ ಇರಬಹುದು, ಅಡುಗೆ ವಿಡಿಯೊ ಮಾಡುವ ಗೃಹಿಣಿ ಇರಬಹುದು. ಕಥೆ ಮಾತ್ರ ಒಂದೇ. ಯಾರೋ ಅವರ ವಿಡಿಯೊ ಎತ್ತಿ ತಮ್ಮ ಚಾನೆಲ್‌ಗೆ ಹಾಕಿಕೊಂಡರು. ಇವರು ಜಾಲತಾಣಕ್ಕೆ ದೂರು ಬರೆದರು, ವಿಡಿಯೊ ಮಾಯವಾಯಿತು. ಮೂರು ವಾರ ದಾಟಿದ್ದೇ ತಡ, ಅದೇ ವಿಡಿಯೊ ಅದೇ ಲಿಂಕಿನಲ್ಲಿ ಹಾಜರ್. ‘ಕೇಸ್ ಹಾಕಿದ್ದೀವಲ್ಲ ಸಾರ್, ಆದರೂ ಹೇಗೆ ಬಂತು?’

ಬಂದದ್ದು ಕಾನೂನಿನ ಪ್ರಕಾರವೇ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ ಸೆಕ್ಷನ್ 52(1)(ಸಿ) ಮತ್ತು 2013ರ ನಿಯಮಾವಳಿಯ 75ನೇ ನಿಯಮ ಜಾಲತಾಣಗಳಿಗೆ ಒಂದು ರಕ್ಷಣೆ ಕೊಟ್ಟಿವೆ. ಬಳಕೆದಾರ ಕದ್ದು ಹಾಕಿದ್ದಕ್ಕೆ ತಾಣ ಹೊಣೆಯಲ್ಲ. ಲಿಖಿತ ದೂರು ಬಂದರೆ 36 ಗಂಟೆಯೊಳಗೆ ಅದನ್ನು ಜನರ ಕಣ್ಣಿಗೆ ಸಿಗದಂತೆ ಮಾಡಬೇಕು, ಅಷ್ಟೇ. ಈ ತಡೆಯ ಆಯಸ್ಸು 21 ದಿನ. ಅಷ್ಟರಲ್ಲಿ ನ್ಯಾಯಾಲಯದ ಆದೇಶ ತಲುಪದಿದ್ದರೆ ತಾಣ ವಿಡಿಯೊವನ್ನು ಮರಳಿ ಹಾಕಬಹುದು. ಅದೇ ಕೃತಿ, ಅದೇ ಲಿಂಕ್ ಬಗ್ಗೆ ಅದೇ ದೂರುದಾರ ಮತ್ತೆ ಬರೆದರೆ ಉತ್ತರಿಸುವ ಹಂಗೂ ಅದಕ್ಕಿಲ್ಲ.

ಜನ ಮುಗ್ಗರಿಸುವುದು ಇಲ್ಲೇ. 21 ದಿನದೊಳಗೆ ದಾವೆ ಹೂಡಿದರೆ ಸಾಲದು, ತಡೆಯಾಜ್ಞೆಯ ಪ್ರತಿ ತಾಣದ ಕೈಸೇರಬೇಕು. ಅದೂ ತಾಣವನ್ನೇ ನಿರ್ಬಂಧಿಸುವ ಆದೇಶವಾಗಿರಬೇಕು. ಕದ್ದವನೊಬ್ಬನನ್ನೇ ಪ್ರತಿವಾದಿ ಮಾಡಿ, ತಾಣವನ್ನು ಕೈಬಿಟ್ಟ ದಾವೆಗಳಲ್ಲಿ ಆದೇಶ ಸಿಕ್ಕರೂ ಉಪಯೋಗಕ್ಕೆ ಬಾರದೆ ಹೋಗಬಹುದು. ದಿನ ಎಣಿಸುವುದು ತಾಣಕ್ಕೆ ನೋಟಿಸ್ ತಲುಪಿದ ದಿನದಿಂದ. ವಿಡಿಯೊ ಮಾಯವಾದ ದಿನದಿಂದಲ್ಲ.

ಈಗ ಆ 21 ದಿನ ಎಲ್ಲಿ ಕರಗುತ್ತದೆ ನೋಡಿ. ‘ಮೊದಲು ರಿಜಿಸ್ಟ್ರೇಷನ್ ಮಾಡಿಸಿ, ಆಮೇಲೆ ಕೇಸು’ ಎಂದು ಒಬ್ಬ ಏಜೆಂಟ್ ಕೈಬೀಸಿ ಕರೆಯುತ್ತಾನೆ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವೇ ಅಲ್ಲ. ಅರ್ಜಿ ಹಾಕಿದರೂ ಆಕ್ಷೇಪಣೆಗಾಗಿಯೇ 30 ದಿನ ಕಾಯಬೇಕು. ಗಡುವು ಅಲ್ಲಿಗೇ ಮುಗಿಯಿತು, ಏಜೆಂಟನ ಫೀಸು ಮಾತ್ರ ಸಂದಾಯವಾಯಿತು. ಇನ್ನೊಂದು ಕಡೆ, ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಮಧ್ಯಸ್ಥಿಕೆಗೆ ತಿಂಗಳುಗಳೇ ಬೇಕು. ತುರ್ತು ಮಧ್ಯಂತರ ಪರಿಹಾರ ಕೋರಿದ ದಾವೆಗೆ ಮಾತ್ರ ಇದರಿಂದ ವಿನಾಯಿತಿ. ಆ ತುರ್ತು ಏನೆಂದು ವಾದಪತ್ರದಲ್ಲಿ ಬಿಡಿಸಿ ಬರೆಯದಿದ್ದರೆ ಕಡತ ‘ಆಫೀಸ್ ಆಬ್ಜೆಕ್ಷನ್’ ಚೀಟಿ ಹೊತ್ತು ವಾಪಸಾಗುತ್ತದೆ. ಗುಮಾಸ್ತರ ಮೇಜಿಗೆ 21 ದಿನದ ಅವಸರ ಅರ್ಥವಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕ್ರಮ ಸರಳ, ಆದರೆ ತಿರುಗುಮುರುಗು: ವಾದಪತ್ರ ಮೊದಲು, ನೋಟಿಸ್ ಆಮೇಲೆ. ದಾಖಲೆ, ಕರಡು, ಮಧ್ಯಂತರ ಅರ್ಜಿ ಎಲ್ಲ ಸಿದ್ಧವಾದ ಮೇಲೆ ದೂರು ಕಳಿಸಿ. ಕದ್ದವನು ಯಾರೆಂದು ಗೊತ್ತಿಲ್ಲವೆಂದು ಕೈಚೆಲ್ಲಬೇಕಿಲ್ಲ. ಅನಾಮಿಕ ಪ್ರತಿವಾದಿಯನ್ನು ‘ಅಶೋಕ್ ಕುಮಾರ್’ ಎಂದು ಕರೆದು ದಾವೆ ಹೂಡುವ ರೂಢಿ ನಮ್ಮ ನ್ಯಾಯಾಲಯಗಳಲ್ಲಿದೆ. ಸೆಕ್ಷನ್ 62ರ ಪ್ರಕಾರ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು.

ನೋಟಿಸಿನಲ್ಲಿ ಕೃತಿಯ ವಿವರ, ಒಡೆತನದ ಆಧಾರ, ಅದು ವಿಮರ್ಶೆ ಅಥವಾ ಸುದ್ದಿಗಾಗಿ ಮಾಡಿದ ನ್ಯಾಯಸಮ್ಮತ ಬಳಕೆಯಲ್ಲವೆಂಬ ವಿವರಣೆ, ದಾವೆ ಹೂಡಿ ಆದೇಶ ಹಾಜರುಪಡಿಸುವ ಮುಚ್ಚಳಿಕೆ ಇರಲೇಬೇಕು. ಲಿಂಕ್ ಒಂದೊಂದನ್ನೂ ಬರೆಯಿರಿ. ಟಿ-ಸೀರೀಸ್ ಹೆಸರಿನ ಸೂಪರ್ ಕ್ಯಾಸೆಟ್ಸ್ ಕಂಪನಿ ಮೈಸ್ಪೇಸ್ ವಿರುದ್ಧ ಹೂಡಿದ ಪ್ರಕರಣದಲ್ಲಿ, ಹಾಡುಗಳ ಉದ್ದ ಪಟ್ಟಿ ಕೊಟ್ಟರೆ ತಾಣಕ್ಕೆ ನಿರ್ದಿಷ್ಟ ಅರಿವು ಬಂದಂತಾಗದು ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಕೋರ್ಟಿನಲ್ಲಿ ಸಾಕ್ಷ್ಯವಾಗಲು ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರವೂ ಜೊತೆಗಿರಲಿ.

ಆದರೆ ಎಚ್ಚರ: ಯೂಟ್ಯೂಬ್‌ನ ಸಿದ್ಧ ಫಾರಂ ತುಂಬಿದವರು ಬಹುಮಟ್ಟಿಗೆ ಅಮೆರಿಕದ ಕಾನೂನಿನ ದಾರಿ ಹಿಡಿದಂತೆ. ಅಲ್ಲಿ ವಿಡಿಯೊ ಹಾಕಿದವನು ಪ್ರತಿ-ನೋಟಿಸ್ ಕೊಡಬಹುದು. ಆಗ ದೂರುದಾರ 10 ಕೆಲಸದ ದಿನಗಳಲ್ಲಿ ಕೋರ್ಟಿಗೆ ಹೋದ ಪುರಾವೆ ತೋರಿಸಬೇಕು. ನಮ್ಮ 21 ದಿನವನ್ನು ನಂಬಿ ಕೂತವರು ಇಲ್ಲಿ ಇನ್ನೂ ಬೇಗ ಸೋಲುತ್ತಾರೆ.

ಇನ್ನು ಏಟು ತಿಂದವನ ಕಡೆ. ಸುಳ್ಳು ದೂರಿನಿಂದ ವಿಡಿಯೊ ಹೋಯಿತೆಂದರೆ ನಮ್ಮ 75ನೇ ನಿಯಮದಲ್ಲಿ ಅವನಿಗೆ ಉತ್ತರ ಕೊಡುವ ಅವಕಾಶವೇ ಇಲ್ಲ! ಯೂಟ್ಯೂಬ್ 90 ದಿನಗಳಲ್ಲಿ ಮೂರು ಸ್ಟ್ರೈಕ್ (ಕೃತಿಸ್ವಾಮ್ಯ ಉಲ್ಲಂಘನೆಯ ಎಚ್ಚರಿಕೆ) ಬಿದ್ದರೆ ಚಾನೆಲನ್ನೇ ಮುಚ್ಚಬಹುದು. 2025ರ ಮೇ ತಿಂಗಳಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್, ಕೆಲವೇ ಸೆಕೆಂಡುಗಳ ತುಣುಕಿಗೆ ಸ್ಟ್ರೈಕ್ ಹಾಕಿ ಲಕ್ಷಾಂತರ ರೂಪಾಯಿ ಕೇಳಲಾಗುತ್ತಿದೆ ಎಂದು ಎಎನ್‌ಐ ಸುದ್ದಿಸಂಸ್ಥೆಯ ಮೇಲೆ ಆರೋಪಿಸಿದರು. ಎಎನ್‌ಐ ಮಾನನಷ್ಟ ದಾವೆ ಹೂಡಿತು. ಆಧಾರವಿಲ್ಲದ ಬೆದರಿಕೆಯ ವಿರುದ್ಧ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 60ರಡಿ ಪರಿಹಾರ ಕೇಳಬಹುದು, ಆದರೆ ಬೆದರಿಸಿದವನು ತಾನೇ ದಾವೆ ಹೂಡಿ ನಡೆಸಿದರೆ ಆ ಬಾಗಿಲು ಮುಚ್ಚುತ್ತದೆ. ಕೋರ್ಟಿನಲ್ಲಿ ಕೇವಿಯಟ್ (ತನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ನರ್ಜಿ) ಹಾಕಿಟ್ಟರೆ 90 ದಿನ ಏಕಪಕ್ಷೀಯ ಆದೇಶದಿಂದ ರಕ್ಷಣೆ ಸಿಗುತ್ತದೆ. ‘ಸ್ಟ್ರೈಕ್ ತೆಗೆಸಿಕೊಡ್ತೀವಿ, ಪಾಸ್‌ವರ್ಡ್ ಕೊಡಿ’ ಎನ್ನುವವರಿಗೆ ಚಾನೆಲ್ ಒಪ್ಪಿಸಿ ವಿಡಿಯೊ, ಚಾನೆಲ್ ಎರಡನ್ನೂ ಕಳೆದುಕೊಳ್ಳಬೇಡಿ.

ಏಕಪಕ್ಷೀಯ ಆದೇಶ ಎಷ್ಟು ದೂರ ಹೋಗಬಹುದೆಂಬುದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ. ಕೆಜಿಎಫ್-2 ಹಾಡು ಬಳಸಿದರೆಂದು ಎಂಆರ್‌ಟಿ ಮ್ಯೂಸಿಕ್ ಹೂಡಿದ ದಾವೆಯಲ್ಲಿ 2022ರ ನವೆಂಬರ್‌ನಲ್ಲಿ ಇಲ್ಲಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಹಾಗೂ ಭಾರತ್ ಜೋಡೊ ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಆ ಹಾಡು ಬಳಸಿದ ತುಣುಕು ತೆಗೆಯಬೇಕೆಂಬ ಷರತ್ತಿನೊಂದಿಗೆ ಹೈಕೋರ್ಟ್ ಮರುದಿನವೇ ಅದನ್ನು ಬದಿಗೊತ್ತಿತು. ಪಕ್ಷಕ್ಕೆ ಮರುದಿನವೇ ಹೈಕೋರ್ಟಿಗೆ ಓಡಲು ವಕೀಲರ ಪಡೆಯಿತ್ತು. ಶಿರಸಿಯ ಯೂಟ್ಯೂಬರ್‌ಗೆ ಯಾರಿದ್ದಾರೆ?

ಕಾಯ್ದೆಯ ಬುಡದಲ್ಲೇ ಗೊಂದಲವಿದೆ. ಸೆಕ್ಷನ್ 52(1)(ಸಿ) ಹೇಳುವುದು ಕ್ಷಣಿಕ ಅಥವಾ ಪ್ರಾಸಂಗಿಕ ಸಂಗ್ರಹದ ಬಗ್ಗೆ. ವರ್ಷಗಟ್ಟಲೆ ತಾಣದಲ್ಲಿ ಕೂತಿರುವ ವಿಡಿಯೊ ಯಾವ ಲೆಕ್ಕದಲ್ಲಿ ಕ್ಷಣಿಕ? ಸಂಸತ್ತು ಇದನ್ನು ಸ್ಪಷ್ಟಪಡಿಸಬೇಕು. ದಾವೆ ದಾಖಲಾದ ಸಂಖ್ಯೆ ತೋರಿಸಿದರೆ ತಡೆ ಮುಂದುವರಿಯಬೇಕು, ವಿಡಿಯೊ ಹಾಕಿದವನಿಗೆ ಉತ್ತರ ಕೊಡಲು ಅವಕಾಶವಿರಬೇಕು, ತಿಳಿದೂ ಸುಳ್ಳು ದೂರು ಕೊಟ್ಟವನು ದಂಡ ತೆರಬೇಕು. ಈಗಿನ ನಿಯಮ ಬಡ ಕಲಾವಿದನನ್ನು 22ನೇ ದಿನ ಕೈಬಿಡುತ್ತದೆ, ನಿರಪರಾಧಿ ಯೂಟ್ಯೂಬರನ್ನು ಮೊದಲ ದಿನವೇ ಕೈಬಿಡುತ್ತದೆ.