ಯಂತ್ರದ ಎಣ್ಣೆ ಮಜ್ಜಿಗೆಯಾದರೆ

ಹಾಲಿಗೆ ನೀರು ಸೇರಿದರೆ ಸಂಘದಲ್ಲಿ ದಿನಕ್ಕೆ ಎರಡು ಹೊತ್ತೂ ಸಿಕ್ಕಿಬೀಳುತ್ತದೆ. ಲ್ಯಾಕ್ಟೋಮೀಟರ್ ಇದೆ, ಎಸ್‌ಎನ್‌ಎಫ್ ಲೆಕ್ಕ ಇದೆ, ಕಾರ್ಯದರ್ಶಿಯ ಕಣ್ಣೂ ಇದೆ. ಆದರೆ ಹಾಲು ಕರೆಯುವ ಯಂತ್ರದ ಎಣ್ಣೆಗೆ ನೀರು ಸೇರಿದರೆ ನೋಡುವವರು ಯಾರು?

ನಮ್ಮ ಹಟ್ಟಿಯಲ್ಲಿ ಐದು ಕರೆಯುವ ದನಗಳಿವೆ. ಕಳೆದ ಆಟಿಯಲ್ಲಿ ಆರೇಳು ನಿಮಿಷಕ್ಕೆ ಮುಗಿಯುತ್ತಿದ್ದ ದನಕ್ಕೆ ಹತ್ತು ನಿಮಿಷ ಬೇಕಾಗತೊಡಗಿತು. ಮೊಲೆಗೆ ಹಾಕಿದ ಕಪ್ಪುಗಳು ಜಾರುತ್ತಿದ್ದವು. ಗೇಜಿನ ಮುಳ್ಳು ಎಂದಿನ 380ರಲ್ಲಿ ನಿಲ್ಲುತ್ತಿರಲಿಲ್ಲ. ದನದ್ದೇ ತೊಂದರೆ ಎಂದುಕೊಂಡು ಹಿಂಡಿ ಬದಲಿಸಿ ನೋಡಿದೆ. ಎರಡು ವಾರದಲ್ಲಿ ಒಂದಕ್ಕೆ ಕೆಚ್ಚಲು ಬಾವು ಬಂತು. ಚಿಕಿತ್ಸೆಯ ದಿನಗಳ ಹಾಲನ್ನು ಸಂಘಕ್ಕೆ ಕೊಡುವಂತಿಲ್ಲ. ಕೊನೆಗೆ ಪಂಪು ಬಿಚ್ಚಿದ ಮೆಕ್ಯಾನಿಕ್ ಎಣ್ಣೆಯನ್ನು ಅಂಗೈಗೆ ಹಾಕಿ ತೋರಿಸಿದರು: "ಇದು ಎಣ್ಣೆಯಾ ಮಾರಾಯ್ರೆ, ಮಜ್ಜಿಗೆಯಾ?"

ಬಾವಿಗೆ ಎಣ್ಣೆಯೊಂದೇ ಕಾರಣ ಎನ್ನಲಾರೆ. ಆದರೆ ಎಳೆತ ಏರಿಳಿದು ಕಪ್ಪು ಜಾರಿದರೆ ರೋಗಾಣು ಮೊಲೆತೊಟ್ಟಿನೊಳಗೆ ನುಗ್ಗಲು ದಾರಿಯಾಗುತ್ತದೆ ಎಂಬುದು ಪಶುವೈದ್ಯರೆಲ್ಲ ಹೇಳುವ ಮಾತು.

ಮೆಕ್ಯಾನಿಕ್ ತಮಾಷೆಗೆ ಹೇಳಿದ್ದರಲ್ಲಿ ಅರ್ಥವಿತ್ತು. ಹಾಲೆಂದರೆ ನೀರಿನಲ್ಲಿ ಹರಡಿದ ಕೊಬ್ಬಿನ ಸಣ್ಣ ಸಣ್ಣ ಕಣಗಳು. ಕೆಟ್ಟ ಎಣ್ಣೆಯಲ್ಲಿ ಅದು ತಿರುಗುಮುರುಗು: ಎಣ್ಣೆಯೊಳಗೆ ನೀರಿನ ಕಣಗಳು. ಎರಡೂ ಬೆಳಕನ್ನು ಚದುರಿಸುತ್ತವೆ, ಹಾಗಾಗಿ ಬಿಳಿಯಾಗಿ ಕಾಣುತ್ತವೆ. ತೀರಾ ಸ್ವಲ್ಪ ನೀರು ಎಣ್ಣೆಯಲ್ಲಿ ಕರಗಿ ಕಣ್ಣಿಗೆ ಕಾಣದೆ ಇರುತ್ತದೆ. ಅದಕ್ಕಿಂತ ಹೆಚ್ಚಾದರೆ ಎಣ್ಣೆ ಮಬ್ಬಾಗುತ್ತದೆ, ಇನ್ನೂ ಹೆಚ್ಚಾದರೆ ಹಾಲಿನಂತಾಗುತ್ತದೆ. ಬಿಳಿ ಕಂಡಾಗ ತಡವಾಗಿದೆ ಎಂದೇ ತಿಳಿಯಿರಿ. ಅಷ್ಟರಲ್ಲಿ ಬೇರಿಂಗಿಗೆ ತುಕ್ಕು ಹಿಡಿದಿರುತ್ತದೆ. ಪಂಪಿನೊಳಗೆ ಜಾರುತ್ತ ಹೊರಗೊಳಗಾಗಬೇಕಾದ ಬ್ಲೇಡುಗಳು ಅಂಟಿಕೊಂಡು ಎಳೆತ ಇಳಿದಿರುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ. ಆದರೆ ಯಂತ್ರದ ಮೇಲೆ ಮಳೆ ಬೀಳಲೇಬೇಕೆಂದಿಲ್ಲ. ಗಾಳಿ ಎಳೆಯುವುದೇ ಪಂಪಿನ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಟ್ಟಿಯ ಗಾಳಿಯೇ ಒದ್ದೆ. ಕರೆದಾದ ಮೇಲೆ ಕಪ್ಪು, ಪೈಪುಗಳಿಗೆ ಬಿಸಿನೀರು ಎಳೆಸಿ ತೊಳೆಯುವಾಗ ಹಬೆಯೂ ಒಳಗೆ ಹೋಗುತ್ತದೆ. ಪಂಪು ನಿಂತು ತಣಿದಾಗ ಆ ಹಬೆ ನೀರಾಗಿ ಎಣ್ಣೆಗೆ ಸೇರುತ್ತದೆ. ತೊಳೆದ ಕೂಡಲೇ ಸ್ವಿಚ್ ಆರಿಸುವುದು ನನ್ನ ಅಭ್ಯಾಸವಾಗಿತ್ತು. ಈಗ ಹತ್ತು ನಿಮಿಷ ಬರೀ ಗಾಳಿ ಎಳೆಸುತ್ತೇನೆ, ನಂತರ ವ್ಯಾಕ್ಯೂಮ್ ಟ್ಯಾಂಕಿನ ಅಡಿಯ ಬಿರಡೆ ತೆಗೆದು ನೀರು ಇಳಿಸುತ್ತೇನೆ. ವಿದ್ಯುತ್ ಬಿಲ್ಲಿನಲ್ಲಿ ವ್ಯತ್ಯಾಸವೇ ಕಂಡಿಲ್ಲ.

ಇನ್ನೊಂದು ದಾರಿ ಎಣ್ಣೆಯ ಕ್ಯಾನು. ಹೊರಗೆ ನೆಟ್ಟಗೆ ಇಟ್ಟ ಕ್ಯಾನಿನ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ರಾತ್ರಿ ತಣಿದಾಗ ಮುಚ್ಚಳದ ಸಂದಿನಿಂದ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿದೆ ಎಂದು ನಂಬಬೇಡಿ.

ಪರೀಕ್ಷೆಗೆ ಒಂದು ಗಾಜಿನ ಬಾಟಲಿ ಸಾಕು. ಬೆಳಿಗ್ಗೆ, ಯಂತ್ರ ಚಾಲೂ ಮಾಡುವ ಮೊದಲು, ಪ್ಲಗ್ ಕಳಚಿ, ಎಣ್ಣೆ ಇಳಿಸುವ ಅಡಿಯ ಬೋಲ್ಟನ್ನು ಸ್ವಲ್ಪ ಸಡಿಲಿಸಿ. ನೀರು ಎಣ್ಣೆಗಿಂತ ಭಾರ. ರಾತ್ರಿಯಿಡೀ ಕೆಳಗೆ ಇಳಿದಿರುವುದರಿಂದ ಮೊದಲ ಚಮಚದಲ್ಲೇ ಬರುತ್ತದೆ. ಯಂತ್ರ ಓಡಿದ ಮೇಲೆ ತೆಗೆದರೆ ಎಲ್ಲ ಕಲಸಿಹೋಗಿರುತ್ತದೆ. ಅದೇ ಎಣ್ಣೆಯ ಹೊಸ ಮಾದರಿಯನ್ನು ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿದು ಹೋಲಿಸಿ. ಮಬ್ಬಿದ್ದರೆ ಒಂದು ದಿನ ಅಲುಗಿಸದೆ ಇಡಿ, ಅಡಿಯಲ್ಲಿ ನೀರು ನಿಲ್ಲುತ್ತದೆಯೇ ನೋಡಿ. ಪೂರ್ತಿ ಕಲಸಿದ ನೀರು ಹಾಗೆ ಇಳಿಯುವುದಿಲ್ಲ, ಅಂಥದ್ದನ್ನು ಬದಲಿಸಲೇಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಗೆಯಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡುತ್ತೇನೆ. ಎಣ್ಣೆ ಬೇಡದ ಒಣ ಪಂಪುಗಳೂ ಇವೆ. ಅವಕ್ಕೆ ಎಣ್ಣೆ ಹಾಕಲು ಹೋಗಬೇಡಿ.

ಸಂಶಯ ಉಳಿದರೆ ಚಟಪಟ ಪರೀಕ್ಷೆ. ಅಡುಗೆಗೆ ಬಳಸದ ಹಳೆ ಕಾವಲಿಯನ್ನು, ನೀರು ಚಿಮುಕಿಸಿದರೆ ಕ್ಷಣದಲ್ಲಿ ಆರುವಷ್ಟು ಬಿಸಿ ಮಾಡಿ, ಒಲೆಯಿಂದ ದೂರ ಇಳಿಸಿ, ಒರಸಿ, ಒಂದೇ ಹನಿ ಎಣ್ಣೆ ಬಿಡಿ. ಒಳ್ಳೆಯ ಎಣ್ಣೆ ಸದ್ದಿಲ್ಲದೆ ಹರಡುತ್ತದೆ. ಲೀಟರಿಗೆ ಒಂದು ಮಿ.ಲೀ.ನಷ್ಟು ನೀರಿದ್ದರೂ ಗುಳ್ಳೆಯೆದ್ದು ಸಿಡಿಯುತ್ತದೆ. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ. ಪೆಟ್ರೋಲ್, ಡೀಸೆಲ್ ಸೇರಿರಬಹುದಾದ ಎಂಜಿನ್ ಎಣ್ಣೆಯನ್ನು ಹೀಗೆ ಪರೀಕ್ಷಿಸಲೇಬೇಡಿ.

ಹಾಲು ಶೀತಲೀಕರಣ ಘಟಕವಿರುವ ಸಂಘದವರಿಗೆ ಜನರೇಟರಿನ ಮಾತೊಂದಿದೆ. ಕೆಲಸ ಮಾಡುತ್ತದೆಯೇ ಎಂದು ನೋಡಲು ವಾರಕ್ಕೊಮ್ಮೆ ಐದು ನಿಮಿಷ ಓಡಿಸಿ ನಿಲ್ಲಿಸುವುದುಂಟು. ಡೀಸೆಲ್ ಉರಿದಾಗಲೂ ನೀರಾವಿ ಹುಟ್ಟುತ್ತದೆ, ಎಂಜಿನ್ ಚೆನ್ನಾಗಿ ಬಿಸಿಯಾಗದಿದ್ದರೆ ಅದು ಎಣ್ಣೆಯಲ್ಲೇ ಉಳಿಯುತ್ತದೆ. ಲೋಡ್ ಹಾಕಿ ಅರ್ಧ ಗಂಟೆ ಓಡಿಸಿ. ಹಾಗೆ ಓಡಿಸಿದರೂ ಎಣ್ಣೆ ಅಳೆಯುವ ಕಡ್ಡಿಯಲ್ಲಿ ಬಿಳಿ ನೊರೆ ಕಂಡರೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ, ಗ್ಯಾಸ್ಕೆಟ್ ಹೋಗಿರಬಹುದು. ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಬಂದಂಥ ನೆರೆಯಲ್ಲಿ ಯಂತ್ರ ಮುಳುಗಿದರೆ "ಓಡುತ್ತದಾ ನೋಡುವಾ" ಎಂದು ಸ್ವಿಚ್ ಒತ್ತಬೇಡಿ. ಮೋಟರು ಒಣಗಬೇಕು, ಎಣ್ಣೆ ಪೂರ್ತಿ ಇಳಿಸಬೇಕು, ಹೊಸ ಎಣ್ಣೆ ಹಾಕಿ ಸ್ವಲ್ಪ ಓಡಿಸಿ ಅದನ್ನೂ ಇಳಿಸಿ ಮತ್ತೆ ತುಂಬಬೇಕು. ಇಳಿಸಿದ ಎಣ್ಣೆಯನ್ನು ತೋಟಕ್ಕೋ ತೋಡಿಗೋ ಚೆಲ್ಲಬೇಡಿ, ದನ ನೆಕ್ಕುವ ಕಡೆ ಇಡಬೇಡಿ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆ ಒಟ್ಟುಮಾಡುವ ಗ್ಯಾರೇಜಿಗೆ ಕೊಡಿ.