ಬಿಸಿಲನ್ನು ಕೂಡಿಟ್ಟ ಮನೆ

ಉತ್ತರದ ಶೀತದೇಶಗಳಲ್ಲಿ ಚಳಿಗಾಲದ ಸೂರ್ಯನು ದಕ್ಷಿಣದಲ್ಲಿ ತಗ್ಗಾಗಿ ಸಂಚರಿಸುವನು. ಆದುದರಿಂದ ಮನೆಯ ದಕ್ಷಿಣಭಾಗಕ್ಕೆ ಗಾಜನ್ನಿಟ್ಟರೆ ಬಿಸಿಲು ಒಳಕ್ಕೆ ಬರುವುದು. ಆದರೆ ಹಗಲಿನ ಕಾವನ್ನು ರಾತ್ರಿಗೆ ಉಳಿಸುವುದು ಹೇಗೆ? 1948ರಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಡೋವರಿನಲ್ಲಿ ಮೂವರು ಸ್ತ್ರೀಯರು ಇದನ್ನು ಪರೀಕ್ಷಿಸಿದರು. ಹಣವು ಅಮೀಲಿಯ ಪೀಬಡಿಯವರದು, ನಕ್ಷೆಯು ಎಲಿನರ್ ರೇಮಂಡರದು, ರಸಾಯನವಿದ್ಯೆಯು ಮಾರಿಯ ಟೆಲ್ಕೆಸರದು. ಗಾಜಿನ ಹಿಂದೆ ಕಾದ ಗಾಳಿಯು ಗ್ಲೌಬರ್ ಲವಣದ ಡಬ್ಬಿಗಳನ್ನು ಸುತ್ತಿ ಹೋಗುತ್ತಿತ್ತು. ಈ ಲವಣವು ಸುಮಾರು 32 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವಾಗ ಬಹಳ ಉಷ್ಣವನ್ನು ಹೀರಿ, ಗಟ್ಟಿಯಾಗುವಾಗ ಹಿಂದಕ್ಕೆ ಕೊಡುವುದು. ನಾವು ತರಗತಿಯಲ್ಲಿ ಕಲಿಸುವ ಗುಪ್ತೋಷ್ಣವೆಂಬುದು ಇದೇ. ನಮ್ಮ ಹುಡುಗಿಯರು ಪರೀಕ್ಷೆ ಮುಗಿದೊಡನೆ ಅದನ್ನು ಮರೆಯುತ್ತಾರೆ! ಮೊದಲು ಮನೆಯು ಬೆಚ್ಚಗಿದ್ದಿತು. ಕೆಲವು ಚಳಿಗಾಲಗಳಾದ ಮೇಲೆ, ಪದೇ ಪದೇ ಕರಗಿದ ಲವಣವು ಪದರಪದರವಾಗಿ ಬೇರ್ಪಟ್ಟು ಕೆಲಸಕ್ಕೆ ಬಾರದಾಯಿತು. ಮನೆಯನ್ನು ಕಾಯಿಸಲು ಬೇರೆ ಏರ್ಪಾಡು ಬೇಕಾಯಿತು. ಟೆಲ್ಕೆಸರು ಮುಂದೆ ಬಿಸಿಲಿನಿಂದ ಅಡಿಗೆಮಾಡುವ ಒಲೆಯ ರಚನೆಗೆ ತೊಡಗಿದರು.