ವಿಮಾನದ ಹಾರುದಾರಿ ಮತ್ತು ಸದ್ದು: ರೈತರು ತಿಳಿದಿರಬೇಕಾದ ಅಂಶಗಳು

ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಕಟ್ಟುವ ಮಾತು ಕನಕಪುರ ರಸ್ತೆಗುಂಟ ಮಳವಳ್ಳಿಯವರೆಗೂ ಮುಟ್ಟಿದೆ. ರಾಜ್ಯ ಸರ್ಕಾರವು ಸೂಚಿಸಿದ ಮೂರು ಸ್ಥಳಗಳಲ್ಲಿ ಚೂಡಹಳ್ಳಿ ಮತ್ತು ಸೋಮನಹಳ್ಳಿ ಈ ರಸ್ತೆಯ ಮೇಲಿವೆ. ಮೂರನೆಯದು ನೆಲಮಂಗಲ–ಕುಣಿಗಲ್ ರಸ್ತೆಯ ಕಡೆಯದು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡವು ಇವನ್ನು ಪರಿಶೀಲಿಸಿತು. ದೇವನಹಳ್ಳಿ ನಿಲ್ದಾಣದ ಒಪ್ಪಂದದಂತೆ, ಮೈಸೂರು ಮತ್ತು ಹಾಸನ ಹೊರತು, 150 ಕಿ.ಮೀ. ಒಳಗೆ 2033ರವರೆಗೆ ಬೇರೆ ನಿಲ್ದಾಣ ತೆರೆಯುವಂತಿಲ್ಲ. ಆದ್ದರಿಂದ ತಿಳಿದುಕೊಳ್ಳಲು ಕಾಲಾವಕಾಶವಿದೆ. ಆ ಕಾಲವನ್ನು ವದಂತಿಯಲ್ಲಿ ಕಳೆಯಬಾರದು.

"ವಿಮಾನ ತಲೆಯ ಮೇಲೆ ಹಾರಿದರೆ ಹಸು ಹಾಲು ಇಳಿಸುತ್ತದೆಯೇ? ರಾತ್ರಿ ನಿದ್ದೆ ಕೆಡುವುದೇ? ನಮ್ಮ ಮಾತನ್ನು ಕೇಳುವವರಾರು?" ಇವು ನ್ಯಾಯವಾದ ಪ್ರಶ್ನೆಗಳು. ಒಂದೊಂದಾಗಿ ನೋಡೋಣ.

ಹಾರುದಾರಿ ಗಾಳಿಯನ್ನು ಅನುಸರಿಸುತ್ತದೆ

ರಾಗಿ ತೂರುವ ರೈತನು ಗಾಳಿಯ ದಿಕ್ಕು ನೋಡಿ ನಿಲ್ಲುವಂತೆ ವಿಮಾನವೂ ಗಾಳಿಗೆ ಎದುರಾಗಿಯೇ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ದೇವನಹಳ್ಳಿ ಹಾಗೂ ಮೈಸೂರಿನ ಮಂಡಕಳ್ಳಿಯಲ್ಲಿ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವಾಗ ವಿಮಾನಗಳು ಪಶ್ಚಿಮಕ್ಕೆ ಮುಖಮಾಡಿ ಏರುತ್ತವೆ, ಪೂರ್ವದ ಕಡೆಯಿಂದ ಬಂದು ಇಳಿಯುತ್ತವೆ. ಹಿಂಗಾರಿನ ಮೂಡಣ ಗಾಳಿಗೆ ಇದು ತಿರುವುಮುರುವಾಗುತ್ತದೆ. ಆದ್ದರಿಂದ ಒಂದು ತಿಂಗಳ ಅನುಭವದಿಂದ ವರ್ಷದ ಸದ್ದನ್ನು ಅಳೆಯಲಾಗದು.

ರನ್‌ವೇಯ ನೇರದಲ್ಲಿರುವ ಹಳ್ಳಿಗೂ ಅಷ್ಟೇ ದೂರದಲ್ಲಿ ಪಕ್ಕಕ್ಕಿರುವ ಹಳ್ಳಿಗೂ ಬಹಳ ವ್ಯತ್ಯಾಸವುಂಟು. ಇಳಿಯುವ ವಿಮಾನವು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ಪ್ರತಿ ಕಿ.ಮೀ.ಗೆ ಸುಮಾರು 52 ಮೀಟರ್ ಇಳಿಯುತ್ತದೆ. ಇದರಿಂದ ನೀವೇ ಲೆಕ್ಕ ಹಾಕಬಹುದು:

ರನ್‌ವೇಯಿಂದ 5 ಕಿ.ಮೀ. — ಎತ್ತರ ಸುಮಾರು 260 ಮೀಟರ್
10 ಕಿ.ಮೀ. — ಸುಮಾರು 520 ಮೀಟರ್
20 ಕಿ.ಮೀ. — ಸುಮಾರು 1,050 ಮೀಟರ್

ಸೋಮನಹಳ್ಳಿಯಿಂದ ಮಳವಳ್ಳಿಗೆ ನೇರ ದೂರ ಸುಮಾರು 60 ಕಿ.ಮೀ. ಇದೇ ಇಳಿಜಾರಿನಲ್ಲಿ ವಿಮಾನವು ಇಲ್ಲಿ 3,000 ಮೀಟರಿಗೂ ಮೇಲಿರಬೇಕು. ವಿಮಾನಗಳು ಕೆಲವು ದೂರ ಸಮಮಟ್ಟದಲ್ಲಿ ಹಾರಿ ಆಮೇಲೆ ಇಳಿಜಾರು ಹಿಡಿಯುವುದೂ ಉಂಟಾದ್ದರಿಂದ ಇದು ಅಂದಾಜು ಮಾತ್ರ. ಆದರೂ ಮಳವಳ್ಳಿಯ ಚಿಂತೆಯನ್ನೂ ರನ್‌ವೇ ಪಕ್ಕದ ಹಳ್ಳಿಯ ಚಿಂತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸದ್ದಿನ ಲೆಕ್ಕ

ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಲೆಕ್ಕ ನಮ್ಮ ಕೂಡುವ ಲೆಕ್ಕದಂತಲ್ಲ. 70 ಡೆಸಿಬೆಲ್ ಸದ್ದು ಮಾಡುವ ಎರಡು ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿದರೆ 140 ಆಗುವುದಿಲ್ಲ, 73 ಆಗುತ್ತದೆ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತರಷ್ಟಾಗುತ್ತದೆ, ಕಿವಿಗೆ ಸುಮಾರು ಎರಡರಷ್ಟು ಜೋರೆನಿಸುತ್ತದೆ. ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ತಗ್ಗುತ್ತದೆ.

2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಗಿನ 6ರವರೆಗೆ. ಆದರೆ 2018ರಲ್ಲಿ ಹೊರಡಿಸಿದ ಪ್ರತ್ಯೇಕ ಅಧಿಸೂಚನೆಯು ಹೆಚ್ಚು ಓಡಾಟದ ವಿಮಾನ ನಿಲ್ದಾಣಗಳ ಆಸುಪಾಸಿಗೆ ಹಗಲು 70, ರಾತ್ರಿ 65ರವರೆಗೆ ಅವಕಾಶ ಕೊಟ್ಟಿದೆ. ಇದು ಸರಾಸರಿ ಲೆಕ್ಕವೆಂಬುದನ್ನೂ ಮರೆಯಬಾರದು. ನಡುರಾತ್ರಿ ಎರಡು ಗಂಟೆಗೆ ಮಗುವನ್ನು ಎಬ್ಬಿಸುವ ಒಂದು ವಿಮಾನವು ಸರಾಸರಿಯಲ್ಲಿ ಮರೆಯಾಗಿಬಿಡಬಹುದು.

ದನಕರು ಮತ್ತು ಕೋಳಿ

ಹಸು ಸೊರ ಬಿಡಲು ಆಕ್ಸಿಟೋಸಿನ್ ಎಂಬ ರಸದೂತ ಬೇಕು. ಹಾಲು ಕರೆಯುವ ಹೊತ್ತಿನಲ್ಲಿ ಹಸು ಬೆದರಿದರೆ ಅಡ್ರಿನಲಿನ್ ಹೊರಬಂದು ಅದರ ಕೆಲಸವನ್ನು ತಡೆಯುತ್ತದೆ. ಆಗ ಕೆಚ್ಚಲಿನಲ್ಲಿ ಹಾಲಿದ್ದರೂ ಇಳಿಯುವುದಿಲ್ಲ. ಆದರೆ ದಿನವೂ ಕೇಳುವ ಸದ್ದಿಗೆ ದನಗಳು ಬಹುಮಟ್ಟಿಗೆ ಒಗ್ಗಿಕೊಳ್ಳುತ್ತವೆ. ತೊಂದರೆ ಹೆಚ್ಚಾಗಿ ಹಠಾತ್ ಸದ್ದಿನಿಂದ. ಕೋಳಿಗಳು ಬೆದರಿ ಒಂದರ ಮೇಲೊಂದು ಮೂಲೆಗೆ ಬಿದ್ದು ಉಸಿರುಕಟ್ಟಿ ಸಾಯುವುದುಂಟು. ದುಂಡನೆಯ ಮೂಲೆ, ಕಡಿಮೆ ದಟ್ಟಣೆ, ರಾತ್ರಿ ಮಂದ ಬೆಳಕು ಇದಕ್ಕೆ ಪರಿಹಾರ.

ಹಠಾತ್ ಸದ್ದಿಗೆ ಉದಾಹರಣೆಯನ್ನು 2020ರ ಮೇ 20ರ ಮಧ್ಯಾಹ್ನ ಬೆಂಗಳೂರು ಕಂಡಿತು. ಭೂಕಂಪವೆಂದೇ ಅನೇಕರು ಅಂಜಿದರು. ಭೂಕಂಪ ದಾಖಲಾಗಿರಲಿಲ್ಲ. ಪರೀಕ್ಷಾ ಹಾರಾಟದಲ್ಲಿದ್ದ ವಾಯುಪಡೆಯ ವಿಮಾನವು ಶಬ್ದದ ವೇಗವನ್ನು ಮೀರಿದ್ದರಿಂದ ಉಂಟಾದ ಸಿಡಿಲಿನಂಥ ಸದ್ದು ಅದೆಂದು ರಕ್ಷಣಾ ಇಲಾಖೆ ತಿಳಿಸಿತು. ಅಂಥ ಸದ್ದು 65ರಿಂದ 80 ಕಿ.ಮೀ. ದೂರಕ್ಕೂ ಕೇಳಿಸಬಲ್ಲದು. ಪ್ರಯಾಣಿಕರ ವಿಮಾನಗಳು ಆ ವೇಗದಲ್ಲಿ ಹಾರುವುದಿಲ್ಲ.

ಹಾಲು ಕಡಿಮೆಯಾದಾಗಲೆಲ್ಲ ವಿಮಾನವನ್ನು ದೂರುವುದೂ ಸರಿಯಲ್ಲ. ಮೇವು, ಕೆಚ್ಚಲು ಬಾವು, ಬೆದೆ, ಬಿಸಿಲು ಇವನ್ನು ಮೊದಲು ನೋಡಬೇಕು. ರೇಷ್ಮೆ ಬೆಳೆ ಕೆಟ್ಟರೆ ರೋಗ, ಮನೆಯ ತೇವ, ಸೊಪ್ಪಿನ ಗುಣಮಟ್ಟ ಮೊದಲ ಶಂಕೆಗಳಾಗಬೇಕು.

ಕೈಗೊಳ್ಳಬೇಕಾದ ಕ್ರಮಗಳು

1. ಈಗಿನ ಸ್ಥಿತಿಯನ್ನು ಈಗಲೇ ದಾಖಲಿಸಿ. ಸ್ವಂತ ಪುಸ್ತಕದಲ್ಲಿ ಹೊತ್ತು, ಸದ್ದಿನ ಮೂಲ, ಗಾಳಿಯ ದಿಕ್ಕು, ಆ ದಿನದ ಹಾಲಿನ ಅಳತೆ ಬರೆದಿಡಿ. ಡೇರಿಯ ಹಾಲಿನ ಚೀಟಿಗಳನ್ನು ಬಿಸಾಡಬೇಡಿ. ಮೊದಲಿನ ಲೆಕ್ಕವಿಲ್ಲದೆ ಆಮೇಲಿನ ನಷ್ಟವನ್ನು ತೋರಿಸಲಾಗದು.

2. ಮೊಬೈಲಿನ ಅಳತೆ ಸೂಚನೆಗೆ ಸಾಕು, ಸಾಕ್ಷ್ಯಕ್ಕೆ ಸಾಲದು. ಪರೀಕ್ಷಿಸಿದ ಶಬ್ದಮಾಪಕದಿಂದ ಅಳೆಯಬೇಕೆಂದು ಗ್ರಾಮ ಪಂಚಾಯಿತಿಯ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ.

3. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಹೊಸ ವಿಮಾನ ನಿಲ್ದಾಣಕ್ಕೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ವರದಿಯ ಸಾರಾಂಶವು ಕನ್ನಡದಲ್ಲಿ ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ಪಂಚಾಯಿತಿ ಕಚೇರಿಗಳಲ್ಲಿ ಸಿಗಬೇಕು. ಲಿಖಿತ ಆಕ್ಷೇಪಣೆಯನ್ನೂ ಸಲ್ಲಿಸಬಹುದು.

4. ಸಭೆಯಲ್ಲಿ ಖಚಿತವಾದ ಪ್ರಶ್ನೆ ಕೇಳಿ: ರನ್‌ವೇ ಯಾವ ದಿಕ್ಕಿಗೆ? ನಮ್ಮೂರ ಮೇಲೆ ಎಷ್ಟು ಎತ್ತರ? ರಾತ್ರಿ ಎಷ್ಟು ವಿಮಾನ? ಸರಾಸರಿಯಷ್ಟೇ ಅಲ್ಲ, ಅತಿ ಹೆಚ್ಚಿನ ಸದ್ದು ಎಷ್ಟು? ಮುಂದೆ ಎರಡನೆಯ ರನ್‌ವೇ ಬಂದರೆ ದಾರಿ ಎಲ್ಲಿ? ದೇವನಹಳ್ಳಿ ನಿಲ್ದಾಣ 2008ರ ಮೇನಲ್ಲಿ ಆರಂಭವಾಯಿತು. ಎರಡನೆಯ ರನ್‌ವೇ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂದಿತು. ಹೊಸ ರನ್‌ವೇ ಎಂದರೆ ಹೊಸ ಹಾರುದಾರಿ.

5. ನಿಲ್ದಾಣದ ಸಮೀಪದವರು ಕಟ್ಟಡ ಮತ್ತು ಮರಗಳ ಎತ್ತರಕ್ಕಿರುವ ನಿರ್ಬಂಧವನ್ನೂ ವಿಚಾರಿಸಬೇಕು. ತೆಂಗಿನ ತೋಟವಿದ್ದವರಿಗೆ ಇದು ಮುಖ್ಯ.

ಬರಿಯ ಕೂಗು ವಿಮಾನದ ಸದ್ದಿನಲ್ಲಿ ಅಡಗಿಹೋಗುತ್ತದೆ. ಬರೆದಿಟ್ಟ ಲೆಕ್ಕ ಹಾಗಲ್ಲ. ಅದನ್ನು ಇಂದೇ ಆರಂಭಿಸುವುದು ಲೇಸು.